ಎರಡನೆಯ ಕಾರಾಗಿ ಹಳೆಯ ಮಿಯಾಟಾವೋ, ಬಾಕ್ಸ್‌ಸ್ಟರೋ?

ಅಮೆರಿಕದಲ್ಲಿ ನೆಲೆಸಿ, ದಿನನಿತ್ಯದ ಓಡಾಟಕ್ಕೆ ಒಂದು ಕಾರಿದ್ದು, ಭಾನುವಾರದ ಖುಷಿಗೆಂದು ಚಾವಣಿ ಮಡಚಬಲ್ಲ ಎರಡು ಸೀಟಿನ ಇನ್ನೊಂದನ್ನು ಹುಡುಕುವವರ ಮುಂದೆ ಸಾಮಾನ್ಯವಾಗಿ ಬಂದು ನಿಲ್ಲುವ ಹೆಸರುಗಳು ಎರಡು: 1998ರಿಂದ 2005ರವರೆಗೆ ತಯಾರಾದ ಎರಡನೆಯ ತಲೆಮಾರಿನ ಮಾಜ್ದಾ ಮಿಯಾಟಾ ಮತ್ತು 1996ರಿಂದ 2004ರವರೆಗಿನ ಪೋರ್ಷೆ ಬಾಕ್ಸ್‌ಸ್ಟರ್.

ಮಿಯಾಟಾದ 1.8 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಅಷ್ಟೇನೂ ಬಲಶಾಲಿಯಲ್ಲ. ಆದರೆ ಕಾರು ಹಗುರ, ಬಿಡಿಭಾಗಗಳು ಅಗ್ಗ, ದುರಸ್ತಿಯ ಬಹುಪಾಲನ್ನು ಮನೆಯಂಗಳದಲ್ಲೇ ಮಾಡಿಕೊಳ್ಳಬಹುದು. ಬಾಕ್ಸ್‌ಸ್ಟರ್‌ನಲ್ಲಿ ಆರು ಸಿಲಿಂಡರಿನ ಎಂಜಿನ್ ಆಸನಗಳ ಹಿಂದೆಯೇ ಕುಳಿತಿರುತ್ತದೆ. ಅದರ ದನಿಗೆ ಮಿಯಾಟಾದಲ್ಲಿ ಸಾಟಿಯಿಲ್ಲ, ಸಾಮಾನಿಗೆ ಮುಂದೊಂದು ಹಿಂದೊಂದು ಡಿಕ್ಕಿಯೂ ಉಂಟು. ಆದರೆ ಎಂಜಿನ್ನಿನೊಳಗಿನ ಐ.ಎಂ.ಎಸ್. ಬೇರಿಂಗ್ (ಇಂಟರ್ಮೀಡಿಯೆಟ್ ಶಾಫ್ಟ್ ಎಂಬ ತಿರುಗುವ ದಂಡವನ್ನು ಹಿಡಿದಿಡುವ ಬೇರಿಂಗ್) ಮುರಿದರೆ ಇಡೀ ಎಂಜಿನ್ನೇ ಹೋಗಬಹುದು. ಆದ್ದರಿಂದ ಕೊಳ್ಳುವ ಮೊದಲು ಆಯಿಲ್ ಫಿಲ್ಟರನ್ನು ಕತ್ತರಿಸಿ, ಅದರ ಒಳಗಿನ ಮಡಿಕೆಗಳಲ್ಲಿ ಲೋಹದ ಚೂರುಗಳಿವೆಯೇ ಎಂದು ನೋಡಿಸುವುದು ಲೇಸು. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಬದಲಿಸಿದಾಗ ಈ ಬೇರಿಂಗನ್ನೂ ಬದಲಿಸಿದ ರಸೀದಿಯಿದ್ದರೆ ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ.

ಬಟ್ಟೆಯ ಚಾವಣಿಯ ನೀರುಗಂಡಿ ಎಲೆಕಸದಿಂದ ಕಟ್ಟಿಕೊಳ್ಳುವುದು ಎರಡಕ್ಕೂ ಸಮಾನವಾದ ಪೀಡೆ. ಮಿಯಾಟಾದಲ್ಲಿ ಆ ನೀರು ಬಾಗಿಲಿನ ಕೆಳಗಿನ ತಗಡಿಗೆ ತುಕ್ಕು ಹಿಡಿಸುತ್ತದೆ. ಬಾಕ್ಸ್‌ಸ್ಟರ್‌ನಲ್ಲಿ ಸೀಟಿನಡಿಯ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ನೆನೆಸಿ, ಕಾರು ಸ್ಟಾರ್ಟೇ ಆಗದಂತೆ ಮಾಡಬಲ್ಲದು.

ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯದ ಮಿಯಾಟಾವನ್ನು ಲಿಫ್ಟಿಗೇರಿಸಿ ತಳದಲ್ಲಿ ತುಕ್ಕಿದೆಯೇ ಎಂದು ನೋಡದೆ ಕೊಳ್ಳಬಾರದು. ಉಳಿದಂತೆ, ದುರಸ್ತಿಗೆಂದು ಬೇರೆಯಾಗಿ ಹಣ ತೆಗೆದಿಡಲಾಗದವರಿಗೆ ನಾನು ಮಿಯಾಟಾವನ್ನೇ ಹೇಳುತ್ತೇನೆ.