ಅಪ್ಪ-ಅವ್ವನ ಊಟಕ್ಕೆ ಪಾರ್ಟಿ ಹಾಲ್ ಹಿಡಿಯುತ್ತಿದ್ದೀರಾ? ಪಕ್ಕದ ಹಾಲ್‌ನಲ್ಲಿ ಏನಿದೆ ಕೇಳಿ

ಅಪ್ಪ-ಅವ್ವನ ಮದುವೆಗೆ 50 ವರ್ಷ ತುಂಬಿತೆಂದು ಮಕ್ಕಳು ಬಳ್ಳಾರಿಯ ಒಂದು ಹೋಟೆಲಿನಲ್ಲಿ ಎಸಿ ಹಾಲ್ ಹಿಡಿದಿದ್ದರು. ಹದಿನಾರು ಜನ, ಗದ್ದಲ ಬೇಡ, ಎಂಟಕ್ಕೆ ಊಟ. ಇಷ್ಟೇ ಬೇಡಿಕೆ. ಪಕ್ಕದ ಹಾಲ್ ಬಗ್ಗೆ ಕೇಳಿದ್ದಕ್ಕೆ "ಅದು ಬ್ಯಾರೆ ಐತ್ರಿ, ಏನೂ ಕೇಳ್ಸಂಗಿಲ್ರಿ" ಎಂಬ ಉತ್ತರ ಬಂತು. ಆ ಸಂಜೆ ಅಲ್ಲಿ ಹುಟ್ಟುಹಬ್ಬದ ಡಿಜೆ. ಏಳೂವರೆಯಿಂದಲೇ ಮೇಜಿನ ಮೇಲಿನ ಸ್ಟೀಲ್ ಲೋಟ ಅದುರತೊಡಗಿದವು. ಅಪ್ಪ ಕಿವಿಯ ಮಷಿನ್ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡರು. ಆಮೇಲೆ ಯಾರು ಏನೆಂದರೂ ಸುಮ್ಮನೆ ತಲೆಯಾಡಿಸಿದರು. ಕೇಕ್ ಬರುವುದು ತಡವಾಗಿ ಎಲೆ ಹಾಕಿದ್ದು ಒಂಬತ್ತೂಕಾಲಿಗೆ. ಏಳೂವರೆಗೇ ಇನ್ಸುಲಿನ್ ಚುಚ್ಚಿಕೊಂಡಿದ್ದ ಅವ್ವ ಅಷ್ಟರಲ್ಲಿ ಬೆವೆತು, ಕೈ ನಡುಗಿ, ಮೊಮ್ಮಗನನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದರು. ಸೆಕೆಗೆ ಹಾಗಾಗಿದೆ ಎಂದು ಎಲ್ಲರೂ ಗಾಳಿ ಬೀಸಿದರು.

ಇಂಥ ಹಾಲ್‌ಗಳು ಹೇಗೆ ಕಟ್ಟಿರುತ್ತವೆ ಎಂಬುದು ಗೊತ್ತಿದ್ದರೆ ಆ ಉತ್ತರವನ್ನು ಯಾರೂ ನಂಬುತ್ತಿರಲಿಲ್ಲ. ಎಷ್ಟೋ ಕಡೆ ಒಂದೇ ದೊಡ್ಡ ಹಾಲಿನ ನಡುವೆ ಬೋರ್ಡ್ ನಿಲ್ಲಿಸಿ ಎರಡು ಮಾಡಿರುತ್ತಾರೆ. ಬೋರ್ಡ್ ಫಾಲ್ಸ್ ಸೀಲಿಂಗ್ ಮುಟ್ಟಿ ನಿಲ್ಲುತ್ತದೆ. ಅದರ ಮೇಲೆ ಸ್ಲ್ಯಾಬ್‌ವರೆಗಿನ ಜಾಗ ಎರಡೂ ಕಡೆಗೆ ಒಂದೇ. ಶಬ್ದ ಅಲ್ಲಿಂದ ಹಾಯುತ್ತದೆ, ಎಸಿ ಡಕ್ಟ್ ಒಂದೇ ಆಗಿದ್ದರೆ ಅದರೊಳಗಿಂದಲೂ. ಡಿಜೆಯ ಬೇಸ್, ಅಂದರೆ ಧಿಂ ಧಿಂ ಎನ್ನುವ ತಗ್ಗಿನ ಸದ್ದು, ಅಂತೂ ನೆಲ, ಗೋಡೆ ನಡುಗಿಸಿಕೊಂಡೇ ಬರುತ್ತದೆ, ಬಾಗಿಲು ಹಾಕಿದರೆ ನಿಲ್ಲುವಂಥದ್ದಲ್ಲ. ವಯಸ್ಸಾದವರಿಗೆ ಮೊದಲು ಕುಗ್ಗುವುದು ಕೀರಲು ಸ್ವರ ಹಿಡಿಯುವ ಶಕ್ತಿ. ಸ, ಶ, ತ, ಕ ಇಂಥ ಅಕ್ಷರಗಳು ಅಳಿಸಿಹೋಗಿ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಕಿವಿಯ ಮಷಿನ್ ಮಾತಿನ ಜೊತೆ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಅಪ್ಪ ಅದನ್ನು ಜೇಬಿಗಿಟ್ಟದ್ದು ಅದಕ್ಕೇ.

ಹಾಲ್ ನೋಡಲು ಬೆಳಿಗ್ಗೆ ಹನ್ನೊಂದಕ್ಕೆ ಹೋಗಬೇಡಿ, ಆ ಹೊತ್ತಿಗೆ ಎಲ್ಲ ಹಾಲೂ ತಣ್ಣಗಿರುತ್ತವೆ. ಶನಿವಾರ ಅಥವಾ ಒಳ್ಳೆಯ ಮುಹೂರ್ತವಿರುವ ದಿನ ರಾತ್ರಿ ಎಂಟಕ್ಕೆ ಹೋಗಿ, ಪಕ್ಕದಲ್ಲಿ ಹಾಡು ಹಾಕಿಸಿ, ಮೇಜಿನ ಆಚೆ ಕೂತವರ ಜೊತೆ ದನಿ ಏರಿಸದೆ ಮಾತಾಡಿ ನೋಡಿ. ದಿನಾಂಕ ಗೊತ್ತು ಮಾಡುವಾಗಲೂ ಪಂಚಾಂಗ ತೆಗೆದು ಮದುವೆ ಮುಹೂರ್ತಗಳ ದಿನ ಬಿಟ್ಟುಬಿಡಿ. ಹಾಲ್ ಒಳಗೆ ಶಾಂತವಿದ್ದರೂ ರಸ್ತೆಯಲ್ಲಿ ಮೆರವಣಿಗೆ ಬರುತ್ತದೆ. ಆಷಾಢ, ಅಧಿಕಮಾಸದಲ್ಲಿ ಹಾಲ್ ಖಾಲಿ ಸಿಗುತ್ತವೆ, ಆದರೆ ಹಿರಿಯರು ಒಪ್ಪುತ್ತಾರೆಯೇ ಎಂದು ಮೊದಲು ಅವರನ್ನೇ ಕೇಳಿ. ಸೋಮವಾರದ ಒಪ್ಪತ್ತು, ಏಕಾದಶಿ ಇದ್ದವರ ಮನೆಯಲ್ಲಂತೂ ಕೇಳಲೇಬೇಕು.

ಗದ್ದಲವಾದರೆ ಪೊಲೀಸರಿಗೆ ಫೋನ್ ಮಾಡಿದರಾಯಿತು ಎಂಬ ಭರವಸೆ ಇಟ್ಟುಕೊಳ್ಳಬೇಡಿ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧವಿದೆ, ಆದರೆ ಮುಚ್ಚಿದ ಬ್ಯಾಂಕ್ವೆಟ್ ಹಾಲ್, ಸಮುದಾಯ ಭವನಗಳಿಗೆ ಒಳಗಿನ ಬಳಕೆಗೆ ವಿನಾಯಿತಿ ಇದೆ. ಅದೂ ಅಲ್ಲದೆ ನಿಮ್ಮ ಊಟ ಎಂಟಕ್ಕೆ.

ಇನ್ನು ಅವ್ವನ ವಿಷಯ. ಜೀವಕ್ಕೆ ಕುತ್ತು ತರುವುದು ಇದೇ, ಸ್ವಲ್ಪ ಗಮನವಿಟ್ಟು ಓದಿ. ಬೇಗ ಮತ್ತು ನಿಧಾನ ಕೆಲಸ ಮಾಡುವ ಎರಡು ಬಗೆ ಬೆರೆಸಿದ ಮಿಕ್ಸ್ ಇನ್ಸುಲಿನ್‌ಗಳಲ್ಲಿ ಹಳೆಯ ಬಗೆಯದನ್ನು ಊಟಕ್ಕೆ ಸುಮಾರು ಅರ್ಧ ಗಂಟೆ ಮುಂಚೆ ತಗೊಳ್ಳುತ್ತಾರೆ. ಊಟ ತಡವಾದರೆ ರಕ್ತದ ಸಕ್ಕರೆ ಇಳಿಯುತ್ತಾ ಹೋಗುತ್ತದೆ. ಅವ್ವನ ಬೆವರು, ನಡುಕ ಅದರದ್ದೇ, ಸೆಕೆಯದಲ್ಲ. ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಗುಳಿಗೆಯಲ್ಲೂ ಈ ಅಪಾಯವಿದೆ. ಹಾಲ್‌ನಲ್ಲಿ ಊಟ ಹೇಳಿದ ಹೊತ್ತಿಗೆ ಬರುವುದು ಅಪರೂಪ. ಆದ್ದರಿಂದ ಮನೆಯಲ್ಲಿ ಚುಚ್ಚಿಕೊಂಡು ಹೊರಡುವುದು ಬೇಡ. ಅಡುಗೆ ತಯಾರಾಗಿದೆ ಎಂದು ಕಣ್ಣಾರೆ ನೋಡಿದ ಮೇಲೆ, ವೈದ್ಯರು ಹೇಳಿದ ಅಂತರ ಹಿಡಿದು ಅಲ್ಲೇ ತಗೊಳ್ಳಲಿ. ಬೆವರು, ನಡುಕ, ತಡಬಡಿಕೆ ಕಂಡರೆ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಮೀಟರ್ ಇಲ್ಲದಿದ್ದರೆ ನೋಡುತ್ತ ಕೂರದೆ, ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎದುರಿಗಿರುವ ಕೇಕ್ ತಿನ್ನಿಸಬೇಡಿ: ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಕೇಕ್ ಕತ್ತರಿಸಲೇಬೇಕೆಂದಿದ್ದರೆ ಊಟವಾದ ಮೇಲೆ ಇಟ್ಟುಕೊಳ್ಳಿ.

ಗ್ರೂಪ್ ಫೋಟೋ ಮಾತ್ರ ಊಟಕ್ಕೆ ಮುಂಚೆ, ಕೂತೇ ತೆಗೆಸಿ. ಉಂಡ ನಂತರದ ಒಂದೆರಡು ಗಂಟೆ ಹಲವು ವೃದ್ಧರ ಬಿಪಿ ಇಳಿಯುತ್ತದೆ. ಎದ್ದು ಸಾಲಾಗಿ ನಿಲ್ಲಿ ಎಂದರೆ ತಲೆ ಸುತ್ತಿ ಬೀಳಬಹುದು. ಬಫೆಯೂ ಬೇಡ, ತಟ್ಟೆ ಹಿಡಿದು ನಿಲ್ಲುವುದು ಅವರಿಂದಾಗದು. ಹದಿನಾರು ಜನಕ್ಕೆ ಒಂದು ಉದ್ದ ಮೇಜು ಹಾಕಿದರೆ ಹಿರಿಯರಿಗೆ ಅಕ್ಕಪಕ್ಕದವರ ಮಾತಷ್ಟೇ ಕೇಳುತ್ತದೆ; ಎಂಟೆಂಟು ಜನದ ದುಂಡು ಮೇಜು ಎರಡು ಹಾಕಿಸಿ. ಅಡುಗೆಮನೆಯ ಬಾಗಿಲು ಅವರ ಬೆನ್ನಿಗಿರಲಿ, ಎದುರು ಕೂತವರ ಮುಖದ ಮೇಲೆ ಬೆಳಕು ಬೀಳಲಿ. ಕೈಯಿರುವ ಕುರ್ಚಿ, ಕಮೋಡ್, ಒಣಗಿದ ಬಾತ್‌ರೂಮ್ ನೆಲ ಇವೆಯೇ ನೋಡಿ. ಲಿಫ್ಟ್ ಇದೆ ಎಂದರೆ, ಅಲ್ಲಿಗೆ ಮುಟ್ಟಲು ಎಷ್ಟು ಮೆಟ್ಟಿಲು, ಕರೆಂಟ್ ಹೋದರೆ ಜನರೇಟರ್‌ನಲ್ಲಿ ಅದು ಓಡುತ್ತದೆಯೇ ಎಂದೂ ಕೇಳಿ.

ಒಪ್ಪಿದ್ದನ್ನೆಲ್ಲ ಮುಂಗಡದ ರಸೀದಿಯ ಮೇಲೆಯೇ ಬರೆಸಿ: ಊಟ 8ಕ್ಕೆ, ಪಕ್ಕದ ಹಾಲ್‌ನಲ್ಲಿ ಸ್ಪೀಕರ್ ಕಾರ್ಯಕ್ರಮವಿಲ್ಲ, ಇದ್ದರೆ ಹಣ ಪೂರ್ತಿ ವಾಪಸ್. ಈ ಮನೆಯವರ ಕೈಯಲ್ಲಿ ಬರೀ ಮೊತ್ತ ಬರೆದ ಚೀಟಿ ಇತ್ತು, ಹಾಗಾಗಿ ಮಾತು ನಿಲ್ಲಲಿಲ್ಲ. ಬರೆದದ್ದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಬರೆದುಕೊಡಲು ಮ್ಯಾನೇಜರ್ ಹಿಂದೇಟು ಹಾಕಿದರೆ ಆ ಹಾಲ್ ಬಿಡಿ, ಮನೆಯಲ್ಲೇ ಮಾಡಿ. ನಮ್ಮ ಕಡೆ ರೊಟ್ಟಿ ಬಡಿಯುವವರು ಮನೆಗೇ ಬರುತ್ತಾರೆ. ಹದಿನಾರು ಜನಕ್ಕೆ ಮೂವತ್ತೈದು ರೊಟ್ಟಿ ಸಾಕು, ಆದರೆ ಒಂದೇ ಸಲ ಬಡಿದು ಇಡಿಸಬೇಡಿ. ಆರಿದ ರೊಟ್ಟಿ ಹಲ್ಲಿನ ಸೆಟ್ ಇರುವವರಿಗೆ ಅಗಿಯಲಾಗದು. ಎಂಟೆಂಟರಂತೆ ಬಿಸಿಬಿಸಿ ಬರಲಿ, ಬಟ್ಟೆಯಲ್ಲಿ ಸುತ್ತಿಟ್ಟಿರಲಿ. ಹಿರಿಯರ ಪಾಲಿನ ಎಣ್ಣೆಗಾಯಿಗೆ ಖಾರ ಅರ್ಧ, ಸೋನಾ ಮಸೂರಿ ಅಕ್ಕಿ ಒಂದು ಲೋಟಕ್ಕೆ ನೀರು ಮೂರು ಲೋಟ. ಹಂಚು ಏಳೂವರೆಗೇ ಕಾಯಲಿ.