ಪಂಪ್ ರೂಮಿನಲ್ಲಿ ಎರಡು ಬಗೆಯ ಕ್ಲೋರಿನ್: ಈಜುಕೊಳ ಸಜ್ಜುಗೊಳಿಸುವವರಿಗೆ ಎಚ್ಚರಿಕೆ

ಬೇಸಿಗೆ ರಜೆ ಬರುವ ಮುನ್ನ ಮನೆಯ ಈಜುಕೊಳವನ್ನು ಶುಚಿಗೊಳಿಸಲು ಏಜೆನ್ಸಿಯವರನ್ನು ಕರೆಸುವವರು, ಅವರು ತಂದಿರುವ ಕ್ಲೋರಿನ್ ಯಾವುದು, ಪಂಪ್ ರೂಮಿನಲ್ಲಿ ಕಳೆದ ವರ್ಷದಿಂದ ಉಳಿದಿರುವುದು ಯಾವುದು ಎಂಬ ಎರಡು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಸಿಗುವ ತನಕ ಒಂದು ಡಬ್ಬದ ಮುಚ್ಚಳವನ್ನೂ ತೆಗೆಯಲು ಬಿಡಬೇಡಿ. ಈ ವರ್ಷದ ಮಾರ್ಚ್‌ನಲ್ಲಿ ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದಿದ್ದ ಹುಡುಗನೊಬ್ಬ ಇದೇ ಕಾರಣಕ್ಕೆ ಆಸ್ಪತ್ರೆ ಸೇರಬೇಕಾಯಿತು.

ಬೆಂಗಳೂರಿನ ಹೊರವಲಯದಲ್ಲಿರುವ ನಮ್ಮ ಮನೆಯ ಕೊಳವನ್ನು ಮಳೆಗಾಲದಿಂದೀಚೆಗೆ ಯಾರೂ ಬಳಸಿರಲಿಲ್ಲವಾದ್ದರಿಂದ ನೀರು ಪಾಚಿಗಟ್ಟಿ ಹಸಿರಾಗಿತ್ತು. ಪೂರ್ತಿ ಖಾಲಿ ಮಾಡಿ ಟ್ಯಾಂಕರ್ ನೀರು ತುಂಬಿಸೋಣವೆಂದು ಏಜೆನ್ಸಿಯ ಮೇಲ್ವಿಚಾರಕರು ಹೇಳಿದರೂ ನಾವು ಒಪ್ಪಲಿಲ್ಲ. 2024ರ ಮಾರ್ಚ್‌ನಲ್ಲಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದೆಂದು ಜಲಮಂಡಳಿಯೇ ಆದೇಶ ಹೊರಡಿಸಬೇಕಾಗಿ ಬಂದ ಊರಿನಲ್ಲಿ ಅಷ್ಟು ನೀರನ್ನು ಚರಂಡಿಗೆ ಬಿಡುವುದು ಸರಿಯೆನಿಸಲಿಲ್ಲ. ಹಾಗಾಗಿ, ಇರುವ ನೀರಿಗೇ ಹೆಚ್ಚಿನ ಪ್ರಮಾಣದ ಕ್ಲೋರಿನ್ ಕೊಟ್ಟು ಪಾಚಿ ಸಾಯಿಸಿ, ಫಿಲ್ಟರ್ ಓಡಿಸಿ ತಿಳಿಗೊಳಿಸುವುದೆಂದು ತೀರ್ಮಾನವಾಯಿತು. ಈ ವಿಧಾನದಲ್ಲಿ ದೋಷವೇನೂ ಇಲ್ಲ. ಅದನ್ನು ಮಾಡಿದ ರೀತಿಯಲ್ಲಿತ್ತು.

ನೀರಿಗೆ ಕ್ಲೋರಿನ್ ಸ್ವಲ್ಪ ಸ್ವಲ್ಪವಾಗಿ ಬೆರೆಯಲೆಂದು ನಮ್ಮ ಪೈಪ್‌ಲೈನಿಗೆ ಜೋಡಿಸಿರುವ ಕ್ಲೋರಿನ್ ಫೀಡರಿನಲ್ಲಿ ಹಿಂದಿನಿಂದಲೂ ಬಳಸುತ್ತಿದ್ದುದು ಟಿಸಿಸಿಎ (ಟ್ರೈಕ್ಲೋರೋಐಸೋಸಯನ್ಯೂರಿಕ್ ಆಸಿಡ್) ಮಾತ್ರೆ. ಅದರ ತಳದಲ್ಲಿ ಅರ್ಧ ಕರಗಿದ ಮಾತ್ರೆಗಳು ಇನ್ನೂ ಒದ್ದೆಯಾಗಿಯೇ ಕುಳಿತಿದ್ದವು. ಏಜೆನ್ಸಿಯವರು ಈ ಸಲ ತಂದಿದ್ದು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು. ಮೇಲ್ವಿಚಾರಕರು ಸ್ಥಳಕ್ಕೆ ಬಾರದೆ ಫೋನಿನಲ್ಲೇ, ಆ ಹರಳನ್ನು ಅದೇ ಫೀಡರಿಗೆ ತುಂಬುವಂತೆ ಹುಡುಗನಿಗೆ ಹೇಳಿದರು. ಅವನು ತುಂಬಿದ, ಹರಳು ಕೆಳಗಿಳಿಯಲೆಂದು ಒಂದು ಮಗ್ ನೀರನ್ನೂ ಸುರಿದ. ಸುಯ್ಯೆಂದು ಸದ್ದು ಬಂತು. ಅವನು ಮುಚ್ಚಳ ಕೈಯಲ್ಲಿ ಹಿಡಿದು ಇದೇನೆಂದು ಬಗ್ಗಿ ನೋಡುವಷ್ಟರಲ್ಲಿ ಹಳದಿ ಮಿಶ್ರಿತ ಹಸಿರು ಹೊಗೆ ರಭಸದಿಂದ ಮೇಲೆದ್ದು ಅವನ ಮುಖಕ್ಕೇ ಹೊಡೆಯಿತು. ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿಬಿಟ್ಟಿದ್ದರೆ ಒಳಗಿನ ಒತ್ತಡಕ್ಕೆ ಫೀಡರೇ ಸಿಡಿಯುತ್ತಿತ್ತೆಂದು ನನಗೆ ಆಮೇಲೆ ತಿಳಿಯಿತು.

ಎರಡೂ ನೋಡಲು ಬಿಳಿ, ಎರಡರ ಡಬ್ಬದ ಮೇಲೂ ಈಜುಕೊಳದ ಕ್ಲೋರಿನ್ ಎಂದೇ ಬರೆದಿರುತ್ತದೆ. ಆದರೆ ಟಿಸಿಸಿಎ ನೀರಿನಲ್ಲಿ ಆಮ್ಲೀಯವಾಗಿರುತ್ತದೆ, ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಕ್ಷಾರೀಯವಾಗಿರುತ್ತದೆ. ತುಸು ತೇವದಲ್ಲಿ ಇವು ಒಂದಕ್ಕೊಂದು ತಾಗಿದರೆ ಸಾಕು, ಕಾವು ಏರಿ ಕ್ಲೋರಿನ್ ಅನಿಲ ಹೊರಬೀಳುತ್ತದೆ, ಜೊತೆಗೆ ನೈಟ್ರೋಜನ್ ಟ್ರೈಕ್ಲೋರೈಡ್ ಎಂಬ ಸ್ಫೋಟಕವೂ ಹುಟ್ಟಬಲ್ಲದು. ಕೊಳದ ಪಿಎಚ್ ಇಳಿಸಲು ಬಳಸುವ ಹೈಡ್ರೋಕ್ಲೋರಿಕ್ ಆಸಿಡ್ ಹೈಪೋಕ್ಲೋರೈಟಿಗೆ ಸೇರಿದರೂ ಕ್ಲೋರಿನ್ ಅನಿಲವೇ ಏಳುತ್ತದೆ. ಈ ಅನಿಲ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ತಗ್ಗಿನಲ್ಲಿ ಮಡುಗಟ್ಟಿ ನಿಲ್ಲುತ್ತದೆ. ನಮ್ಮಲ್ಲಿ ಹೆಚ್ಚಿನ ಮನೆಗಳ ಪಂಪ್ ರೂಮುಗಳು ನೆಲಮಟ್ಟಕ್ಕಿಂತ ಕೆಳಗೆ, ಒಂದೇ ಬಾಗಿಲಿನೊಂದಿಗೆ ಇರುತ್ತವೆ. ಕಟ್ಟುವವರಿಗೆ ಕಿಟಕಿಯ ನೆನಪೇ ಆಗುವುದಿಲ್ಲ.

ಹುಡುಗ ಹೇಗೋ ಮೆಟ್ಟಿಲು ಹತ್ತಿ ಹೊರಬಂದು ಕುಸಿದ. ನಾವು ಅವನನ್ನು ಹೊಗೆಯಿಂದ ದೂರ, ಗಾಳಿ ಬೀಸಿ ಬರುತ್ತಿದ್ದ ದಿಕ್ಕಿಗೆ ಕರೆದೊಯ್ದು, ನಲ್ಲಿಯ ನೀರಿನಲ್ಲಿ ಬಹಳ ಹೊತ್ತು ಕಣ್ಣು ತೊಳೆಸಿ, ಬಟ್ಟೆ ಬದಲಿಸಿ ಆಸ್ಪತ್ರೆಗೆ ಕರೆದೊಯ್ದೆವು. ಕೆಮ್ಮು ಕಡಿಮೆಯಾಯಿತೆಂದು ಅವನೇ ಮನೆಗೆ ಹೊರಡಲು ಸಿದ್ಧನಾಗಿದ್ದರೂ ವೈದ್ಯರು ಬಿಡಲಿಲ್ಲ. ಕ್ಲೋರಿನ್ ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬುವ ಸಾಧ್ಯತೆಯಿದೆ, ಇದಕ್ಕೆ ಪ್ರತಿವಿಷವೆಂಬುದಿಲ್ಲ, ಆಮ್ಲಜನಕ ಕೊಟ್ಟು ಕಾಯುವುದೇ ಚಿಕಿತ್ಸೆ ಎಂದು ವಿವರಿಸಿ, ರಾತ್ರಿಯಿಡೀ ನಿಗಾದಲ್ಲಿಟ್ಟರು. ಅವನು ಚೇತರಿಸಿಕೊಂಡಿದ್ದಾನೆ. ಅವನಿಗೆ ಕೈಗವಸಾಗಲಿ ಕನ್ನಡಕವಾಗಲಿ ಮಾಸ್ಕಾಗಲಿ ಕೊಡದೆ ಕಳಿಸಿದ್ದ ಏಜೆನ್ಸಿಯ ಮೇಲ್ವಿಚಾರಕರು ನನಗೆ ಕೊಟ್ಟ ಸಮಜಾಯಿಷಿ ಇಷ್ಟೇ: "ಎರಡೂ ಕ್ಲೋರಿನ್ನೇ ಅಲ್ವಾ ಸರ್?" ವರ್ಷವಿಡೀ ಇದೇ ವ್ಯಾಪಾರ ಮಾಡುವವರ ಬಾಯಿಂದ ಈ ಮಾತು ಬಂದದ್ದು ನನಗೆ ಹೊಗೆಗಿಂತ ಹೆಚ್ಚು ಭಯ ಹುಟ್ಟಿಸಿತು.

ಆದ್ದರಿಂದ, ಕೆಲಸಕ್ಕೆ ಬಂದವರಿಂದ ಡಬ್ಬ ತರಿಸಿಕೊಂಡು ಲೇಬಲ್‌ನಲ್ಲಿರುವ ರಾಸಾಯನಿಕದ ಹೆಸರನ್ನು ನೀವೇ ಓದಿ. ಲೇಬಲ್ ಇಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಬಿಡಿಯಾಗಿ ತಂದಿದ್ದರೆ ಮರಳಿ ಕಳಿಸಿ. ಫೀಡರಿಗೆ ಮೊದಲಿನಿಂದ ಹಾಕುತ್ತಿದ್ದ ಬಗೆಯನ್ನಲ್ಲದೆ ಬೇರೊಂದನ್ನು ಹಾಕಬಾರದು. ಪಾಚಿಗೆಂದು ಬೇರೆ ಬಗೆ ಬೇಕೇ ಆದರೆ, ಅದಕ್ಕೆಂದೇ ಇಟ್ಟ ಸ್ವಚ್ಛವಾದ ಬಕೆಟ್ಟಿನಲ್ಲಿ ಮೊದಲು ನೀರು ತೆಗೆದುಕೊಂಡು, ಅದಕ್ಕೆ ಹರಳನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಕರಗಿಸಿ ನೇರವಾಗಿ ಕೊಳಕ್ಕೆ ಸುರಿಯಬೇಕೇ ಹೊರತು ಹರಳಿನ ಮೇಲೆ ನೀರು ಹೊಯ್ಯಬಾರದು. ಒಂದರಲ್ಲಿ ಅದ್ದಿದ ಮಗ್ಗನ್ನು ಇನ್ನೊಂದರ ಡಬ್ಬಕ್ಕೆ ಹಾಕುವುದೂ ಅಪಾಯವೇ. ಮಕ್ಕಳನ್ನು ನೀರಿಗಿಳಿಸುವ ಮುನ್ನ ಟೆಸ್ಟ್ ಕಿಟ್‌ನಲ್ಲಿ ಪಿಎಚ್ 7.2ರಿಂದ 7.8ರ ನಡುವೆ ಇದೆಯೇ, ಹೆಚ್ಚಾಗಿ ಕೊಟ್ಟ ಕ್ಲೋರಿನ್ 1ರಿಂದ 3 ಪಿಪಿಎಂಗೆ ಇಳಿದಿದೆಯೇ ಎಂದು ನೋಡಿಕೊಳ್ಳುವುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಇನ್ನೊಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ಮರುದಿನ ಬಂದ ಏಜೆನ್ಸಿಯ ಮತ್ತೊಬ್ಬರು ನೆಲದ ಮೇಲೆ ಚೆಲ್ಲಿದ್ದ ಹರಳನ್ನು ಒಣಗಿದ ಎಲೆಗಳ ಸಮೇತ ಗುಡಿಸಿ ಕಸದ ಚೀಲಕ್ಕೆ ತುಂಬಲು ಹೊರಟಿದ್ದರು. ಎಲೆ, ಕಾಗದ, ಎಣ್ಣೆ ಬಟ್ಟೆಗಳ ಜೊತೆ ಸೇರಿದ ಹೈಪೋಕ್ಲೋರೈಟ್ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಆ ಚೀಲ ಕಸದ ಆಟೋ ಏರಿದ್ದರೆ ಬೆಂಕಿ ಬೀಳುತ್ತಿದ್ದುದು ಪೌರಕಾರ್ಮಿಕರ ಕೈಯಲ್ಲಿ. ಹೀಗೆ ಕಸದೊಂದಿಗಾಗಲಿ, ಎರಡು ಬಗೆಯ ಕ್ಲೋರಿನ್ ಒಂದಕ್ಕೊಂದಾಗಲಿ ಬೆರೆತುಹೋದದ್ದನ್ನು ಗುಡಿಸದೆ, ಮುಚ್ಚಿಡದೆ, ಮಗ್ಗಿನಲ್ಲಿ ನೀರು ಚಿಮುಕಿಸದೆ, ಎಲ್ಲರೂ ದೂರ ಸರಿದು 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳದವರಿಗೆ ಅದರಲ್ಲಿರುವ ರಾಸಾಯನಿಕಗಳ ಹೆಸರು ಹೇಳಿ.