ಪ್ಯಾಕೇಜ್ ಐವಿಎಫ್ಫಾ, ಬಿಡಿ ಬಿಲ್ಲಾ? ಎರಡೂ ನೋಡಿದ ಮೇಲೆ

ನನ್ನ ಓಟು ಬಿಡಿ ಬಿಲ್ಲಿಗೆ, ಮೊದಲೇ ಹೇಳಿಬಿಡುತ್ತೇನೆ. ಸ್ಕ್ಯಾನಿಗೆ ಇಷ್ಟು, ಇಂಜೆಕ್ಷನ್‌ಗೆ ಇಷ್ಟು, ಅಂಡಾಣು ಹೊರತೆಗೆಯುವ ಎಗ್ ಪಿಕಪ್‌ಗೆ ಇಷ್ಟು ಅಂತ ಆಗಾಗ ಕಟ್ಟಿಕೊಂಡು ಹೋಗುವ ಪದ್ಧತಿ ಅದು. ಇನ್ನೊಂದು ಪ್ಯಾಕೇಜ್, ಒಂದೇ ಮೊತ್ತಕ್ಕೆ 'ಎಲ್ಲಾ ಸೇರಿ' ಅನ್ನುವುದು. ನಾವು ಮೊದಲು ಪ್ಯಾಕೇಜ್ ತಗೊಂಡೆವು, ಆಮೇಲೆ ಕ್ಲಿನಿಕ್ ಬದಲಾಯಿಸಿ ಬಿಡಿ ಬಿಲ್ಲಿಗೆ ಬಂದೆವು. ಐವಿಎಫ್, ಅಂದರೆ ಅಂಡಾಣು ವೀರ್ಯಾಣುಗಳನ್ನು ದೇಹದ ಹೊರಗೆ ಸೇರಿಸಿ ಭ್ರೂಣ ಮಾಡುವ ಚಿಕಿತ್ಸೆ, ಅದರ ವಿವರವನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಇಲ್ಲಿಯವರೆಗೆ ಬಂದವರಿಗೆ ಅದೆಲ್ಲ ಬಾಯಿಪಾಠ ಆಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಪ್ರಕಾರ ಸುಮಾರು 6 ಜನರಲ್ಲಿ ಒಬ್ಬರಿಗೆ ಜೀವನದಲ್ಲಿ ಯಾವಾಗಲಾದರೂ ಮಗು ಆಗದ ತೊಂದರೆ ಎದುರಾಗುತ್ತದೆ. ಇಷ್ಟು ಜನ ಇದ್ದರೂ ಬಿಲ್ಲಿನ ವಿಷಯ ಬಂದರೆ ಯಾರೂ ಬಾಯಿ ಬಿಡುವುದಿಲ್ಲ.

ಪ್ಯಾಕೇಜ್ ಇವರಿಗೆ, ಅಂದರೆ ನನ್ನ ಗಂಡನಿಗೆ, ತುಂಬಾ ಹಿಡಿಸಿತ್ತು. ಒಂದೇ ಅಂಕಿ, ಸಾಲ ಕೇಳುವಾಗ ತೋರಿಸಲು ಸುಲಭ, ದಿನಾ ಪರ್ಸ್ ತೆಗೆಯುವ ರಗಳೆ ಇಲ್ಲ. ಅದು ನಿಜವೂ ಹೌದು. ಶುರುವಿನ ಕೆಲವು ದಿನ ಕೌಂಟರ್ ಕಡೆ ತಿರುಗಿಯೂ ನೋಡದೆ ಸ್ಕ್ಯಾನ್ ಮುಗಿಸಿ ಬರುತ್ತಿದ್ದೆವು.

ಕಿರಿಕಿರಿ ಶುರುವಾಗಿದ್ದು ಇಂಜೆಕ್ಷನ್ ಪೆನ್ನಿನಿಂದ. ಅಂಡಾಣು ಬೆಳೆಯಲಿ ಅಂತ ದಿನಾ ಹೊಟ್ಟೆಗೆ ಚುಚ್ಚಿಕೊಳ್ಳುವ ಎಫ್‌ಎಸ್‌ಎಚ್ ಇಂಜೆಕ್ಷನ್ ಪೆನ್ ರೂಪದಲ್ಲಿ ಬರುತ್ತದೆ. 300, 450, 900 ಯೂನಿಟ್ಟಿನವು ಇರುತ್ತವೆ, ಹಿಂಬದಿಯ ಗುಂಡಿ ತಿರುಗಿಸಿ ಡೋಸ್ ಇಡಬೇಕು. ನನಗೆ ದಿನಕ್ಕೆ 225 ಯೂನಿಟ್. ಅಲ್ಲಿ ಕೊಡುತ್ತಿದ್ದದ್ದು 300ರ ಪೆನ್. ಮೊದಲ ದಿನ ಚುಚ್ಚಿಕೊಂಡ ಮೇಲೆ ಪೆನ್ನಿನಲ್ಲಿ 75 ಉಳಿಯುತ್ತದೆ. ಮರುದಿನ ಆ 75 ಮುಗಿಸಿ, ಹೊಸ ಪೆನ್ ತೆರೆದು 150 ಇಟ್ಟು ಇನ್ನೊಮ್ಮೆ ಚುಚ್ಚಿಕೊಳ್ಳಬೇಕು. ಒಂದೇ ಡೋಸಿಗೆ ಎರಡು ಚುಚ್ಚು! ನೋವೇನೂ ಅಂಥಾ ದೊಡ್ಡದಲ್ಲ, ಆದರೆ ಗುಂಡಿ ತಿರುಗಿಸುತ್ತಾ ಕೂಡಿ ಕಳೆಯುವ ಲೆಕ್ಕ ಹಾಕುವಾಗ ತಲೆ ಕೆಟ್ಟುಹೋಗುತ್ತಿತ್ತು.

ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ಪ್ಯಾಕೇಜಿನಲ್ಲಿ 'ಔಷಧಿ ಸೇರಿದೆ' ಅಂತ ಇದ್ದದ್ದಕ್ಕೆ ಒಂದು ಮಿತಿ ಇತ್ತು. ಆ ಮಿತಿಯನ್ನು 225ರ ಡೋಸ್ ನೋಡಿಕೊಂಡೇ ಹಾಕಿದ್ದರು. ಸ್ಕ್ಯಾನಿನಲ್ಲಿ ಫಾಲಿಕಲ್‌ಗಳು (ಅಂಡಾಣು ಬೆಳೆಯುವ ಪುಟ್ಟ ಚೀಲಗಳು) ನಿಧಾನ ಅಂತ ಕಂಡಿತು, ಡಾಕ್ಟರು ಡೋಸನ್ನು 300ಕ್ಕೆ ಏರಿಸಿದರು. ಅವರು ಮಾಡಿದ್ದು ಸರಿಯೇ, ಯಾರ ದೇಹ ಎಷ್ಟು ಡೋಸಿಗೆ ಹೇಗೆ ಸ್ಪಂದಿಸುತ್ತದೆ ಅಂತ ಮೊದಲೇ ಪಕ್ಕಾ ಹೇಳಲಿಕ್ಕೆ ಆಗುವುದಿಲ್ಲ. ಆದರೆ ಅಲ್ಲಿಂದ ಮುಂದೆ ಔಷಧಿಯ ಖರ್ಚು ನಮ್ಮ ತಲೆಗೆ ಬಂತು. ಕೇಳಿದರೆ ಕೌಂಟರಿನವರು ಸುಮ್ನೆ ಷರತ್ತಿನ ಹಾಳೆ ತಿರುಗಿಸಿ ತೋರಿಸಿದರು. ಅದರಲ್ಲಿ ಇನ್ನೊಂದು ಸಾಲು, ಮಿತಿ ಎಣಿಸುವುದು ಚುಚ್ಚಿಕೊಂಡ ಯೂನಿಟ್ ಮೇಲಲ್ಲ, ತೆರೆದ ಪೆನ್ ಮೇಲೆ ಅಂತ. ಕೊನೆಯ ಪೆನ್ನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮದ್ದು ಹಾಗೇ ಉಳಿದಿತ್ತು, ಅಂಡಾಣು ಪಕ್ವವಾಗಲು ಕೊನೆಗೆ ಕೊಡುವ ಟ್ರಿಗರ್ ಇಂಜೆಕ್ಷನ್ ಕೊಟ್ಟ ಮೇಲೆ ಅದು ಬೇಕಾಗಲಿಲ್ಲ. ಲೆಕ್ಕದಲ್ಲಿ ಮಾತ್ರ ಅದು ಪೂರ್ತಿ ಪೆನ್. ದುಡ್ಡಿಗಿಂತ ನನಗೆ ಉರಿದದ್ದು ಇದಕ್ಕೆ.

ಎರಡನೇ ಕ್ಲಿನಿಕ್ಕಿನ ನರ್ಸು ಮಾಡಿದ್ದು ಇಷ್ಟೇ. ಡೋಸ್ ನೋಡಿದರು, 900ರ ಪೆನ್ ತಗೊಳ್ಳಿ, 225ರ ಹಾಗೆ ಸರಿಯಾಗಿ 4 ದಿನ ಬರುತ್ತದೆ, ಮುಂದಿನದು ಸ್ಕ್ಯಾನ್ ಆದ ಮೇಲೆ ನೋಡೋಣ, ಈಗಲೇ ಬೇಡ ಅಂದರು. ಬಿಲ್ ನಮ್ಮದೇ ಆದ್ದರಿಂದ ಏನೂ ಉಳಿಯದ ಹಾಗೆ ಕೊಡಿ ಅಂತ ಕೇಳುವ ಧೈರ್ಯ ನಮಗೂ ಇತ್ತು.

ಫ್ರೀಜಿಂಗ್ ವಿಷಯವೂ ಹೀಗೇ. ಪ್ಯಾಕೇಜ್ ಸಲ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಬೇಗ ಏರಿಬಿಟ್ಟಿತು. ಹಾಗಾದಾಗ ಗರ್ಭಕೋಶದ ಒಳಪದರ ಭ್ರೂಣದ ಜೊತೆ ಹೊಂದುವುದಿಲ್ಲ ಅಂತ ಎಲ್ಲವನ್ನೂ ಫ್ರೀಜ್ ಮಾಡುತ್ತಾರೆ. ವೈದ್ಯಕೀಯವಾಗಿ ಸರಿಯಾದ ನಿರ್ಧಾರ. ಆದರೆ ಪ್ಯಾಕೇಜಿನಲ್ಲಿದ್ದದ್ದು ತಾಜಾ ಟ್ರಾನ್ಸ್‌ಫರ್, ಅಂದರೆ ಫ್ರೀಜ್ ಮಾಡದೆ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು ಮಾತ್ರ. ಫ್ರೀಜಿಂಗ್, ಮೈನಸ್ 196 ಡಿಗ್ರಿಯಲ್ಲಿ ಇಟ್ಟುಕೊಳ್ಳುವ ಬಾಡಿಗೆ, ಆಮೇಲಿನ ಟ್ರಾನ್ಸ್‌ಫರ್, ಎಲ್ಲಕ್ಕೂ ಬೇರೆ ಬೇರೆ ದುಡ್ಡು. ಮಾಡದ ತಾಜಾ ಟ್ರಾನ್ಸ್‌ಫರ್‌ನ ದುಡ್ಡು ವಾಪಸ್ ಬರುತ್ತದಾ? ಇಲ್ಲ. ಬಿಡಿ ಬಿಲ್ಲಿನಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ, ಮಾಡದೇ ಇದ್ದದ್ದಕ್ಕೆ ಕಟ್ಟುವುದೂ ಇಲ್ಲ.

ಪ್ಯಾಕೇಜಿನಲ್ಲಿ ಇಕ್ಸಿ 'ಉಚಿತ'. ಒಂದೊಂದು ಅಂಡಾಣುವಿನೊಳಗೂ ಒಂದೊಂದೇ ವೀರ್ಯಾಣು ಚುಚ್ಚುವ ಈ ವಿಧಾನದಿಂದ ಮೊದಲ ಗರ್ಭಧಾರಣೆ ವರದಿಯಾಗಿದ್ದು 1992ರಲ್ಲಿ, ಮುಖ್ಯವಾಗಿ ಗಂಡಸರ ಕಡೆಯ ತೊಂದರೆಗೆ. ಇವರ ರಿಪೋರ್ಟು ಚೆನ್ನಾಗಿಯೇ ಇತ್ತು, ಆದರೂ ಮಾಡಿದರು, ಎಲ್ಲರಿಗೂ ಮಾಡುತ್ತಾರಂತೆ. ಎರಡನೇ ಕಡೆ, ನಿಮಗೆ ಇದು ಬೇಕಾಗಿಲ್ಲ ಅಂತ ಆ ಸಾಲನ್ನೇ ಹೊಡೆದು ಹಾಕಿದರು. ಹಾಗಂತ ಬಿಡಿ ಬಿಲ್ಲಿನವರೆಲ್ಲ ಸಾಧುಗಳು ಅನ್ನುತ್ತಿಲ್ಲ. ಅಲ್ಲಿಯೂ ಭ್ರೂಣ ಅಂಟಲಿ ಅಂತ ಆ ಅಂಟು, ಗರ್ಭಕೋಶದ ಒಳಪದರ ಕೆರೆಯುವ ಈ ಸ್ಕ್ರ್ಯಾಚಿಂಗ್ ಅಂತ ಆಡ್‌ಆನ್‌ಗಳ (ಹೆಚ್ಚುವರಿ ಚಿಕಿತ್ಸೆಗಳ) ಪಟ್ಟಿ ಕೈಗೆ ಕೊಡುತ್ತಾರೆ. ಬ್ರಿಟನ್‌ನಲ್ಲಿ ಐವಿಎಫ್ ಕ್ಲಿನಿಕ್‌ಗಳನ್ನು ನಿಯಂತ್ರಿಸುವ ಎಚ್‌ಎಫ್‌ಇಎ ಸಂಸ್ಥೆ ಇಂಥವುಗಳಿಗೆ ಬಣ್ಣದ ಗುರುತಿನಲ್ಲಿ ರೇಟಿಂಗ್ ಕೊಡುತ್ತದೆ, ಹೂಂ ಅನ್ನುವ ಮೊದಲು ಅದನ್ನು ನೋಡಿಕೊಳ್ಳಿ.

ಡಾಕ್ಟರುಗಳು ಎರಡೂ ಕಡೆ ಒಳ್ಳೆಯವರು. ಕಾಯುವ ಹೊತ್ತು ಬಿಡಿ ಬಿಲ್ಲಿನ ಕಡೆಯೇ ಜಾಸ್ತಿ, ಪ್ರತಿ ಸಲ ಕ್ಯೂ.

'ಮಗು ಆಗದಿದ್ದರೆ ದುಡ್ಡು ವಾಪಸ್' ಅನ್ನುವ, ಹಲವು ಸಲದ ಚಿಕಿತ್ಸೆಗೆ ಒಟ್ಟಿಗೆ ಕಟ್ಟುವ ದೊಡ್ಡ ಪ್ಯಾಕೇಜನ್ನು ನಾವು ತಗೊಳ್ಳಲಿಲ್ಲ. ಅದಕ್ಕೆ ಸೇರಿಸಿಕೊಳ್ಳುವಾಗ ವಯಸ್ಸು, ಎಎಂಎಚ್ (ಅಂಡಾಣು ಎಷ್ಟು ಉಳಿದಿವೆ ಅಂತ ಅಂದಾಜು ಕೊಡುವ ರಕ್ತ ಪರೀಕ್ಷೆ) ಎಲ್ಲ ನೋಡುತ್ತಾರೆ, ಅಂದರೆ ಗೆಲ್ಲುವ ಸಾಧ್ಯತೆ ಜಾಸ್ತಿ ಇರುವವರನ್ನೇ ಆರಿಸುತ್ತಾರೆ. ಮೊದಲ ಸಲಕ್ಕೇ ಆಗಿಬಿಟ್ಟರೆ ಉಳಿದ ಸಲಗಳ ದುಡ್ಡು ಅವರಿಗೇ.

ಮಗು ಆಯಿತಾ ಅಂತ ಕೇಳುತ್ತೀರಿ ಅಲ್ವಾ? ಎರಡೂ ಕಡೆ ಇನ್ನೂ ಆಗಿಲ್ಲ. ಆದರೂ ನಾನು ಬಿಡಿ ಬಿಲ್ಲನ್ನೇ ಆರಿಸುತ್ತೇನೆ, ಯಾಕೆಂದರೆ ನಮ್ಮ ಹತ್ತಿರ ಒಟ್ಟಿಗೆ ದೊಡ್ಡ ದುಡ್ಡು ಇರುವುದಿಲ್ಲ, ಮತ್ತು ನಾನು ಪ್ರತಿ ರಸೀದಿಯನ್ನೂ ನೋಟ್‌ಬುಕ್‌ಗೆ ಅಂಟಿಸುವ ಪೈಕಿ. ನಡುವೆ ನಿಲ್ಲಿಸಿ ಉಸಿರಾಡಬಹುದು. ಈಗ ಅದನ್ನೇ ಮಾಡಿದ್ದೇವೆ, ಭ್ರೂಣಗಳು ಫ್ರೀಜರಿನಲ್ಲಿವೆ, ಟ್ರಾನ್ಸ್‌ಫರ್‌ನ ದುಡ್ಡು ಜೋಡಿಸುತ್ತಿದ್ದೇವೆ. ರಸೀದಿ ಕಂಡರೆ ಎದೆ ಹೊಡೆದುಕೊಳ್ಳುತ್ತದೆ ಅನ್ನುವವರು ಪ್ಯಾಕೇಜೇ ತಗೊಳ್ಳಿ, ತಪ್ಪಿಲ್ಲ. ಸೈನ್ ಹಾಕುವ ಮೊದಲು ಮೂರು ವಿಷಯ ಬರವಣಿಗೆಯಲ್ಲಿ ಕೇಳಿ: ಡೋಸ್ ಏರಿದರೆ ಯಾರು ಕಟ್ಟಬೇಕು, ಎಲ್ಲ ಫ್ರೀಜ್ ಆದರೆ ಏನು, ಫಾಲಿಕಲ್ ಬೆಳೆಯದೆ ಎಗ್ ಪಿಕಪ್‌ಗೂ ಮೊದಲೇ ನಿಂತುಹೋದರೆ ಎಷ್ಟು ವಾಪಸ್. ಬಾಯಿ ಮಾತಲ್ಲಿ 'ನೋಡ್ಕೊಳ್ಳೋಣ ಮೇಡಂ' ಅಂದರೆ ಪೆನ್ ಕೆಳಗಿಡಿ.